ಜೀಪಿಗೆ ಮಣ್ಣು ಹಚ್ಚುವ ಮುಂಚೆ 24ರಿಂದ ಗುಣಿಸಿ

ಕಳೆದ ಬೇಸಿಗೆಯಲ್ಲಿ ಊರಿಂದ ವಾಪಸ್ ಬರುವಾಗ ತೋಟದ ದಾರಿಯ ಕೆಂಪು ಮಣ್ಣನ್ನು ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದೆ. ಕಟ್ಟುತ್ತಿದ್ದ ಜೀಪಿನ ಮಾಡೆಲ್ಲಿಗೆ ನಮ್ಮೂರಿನ ಮಣ್ಣನ್ನೇ ಹಚ್ಚಬೇಕು ಅಂತ ಆಸೆ. ಮಡ್‌ಗಾರ್ಡಿನ ಅಡಿಗೆ ಅಂಟು ಸವರಿ ಮಣ್ಣು ಉದುರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಅದು ಕೆಸರಿನ ಹಾಗೆ ಇರಲೇ ಇಲ್ಲ, ಜಲ್ಲಿ ಅಂಟಿಸಿದ ಹಾಗಿತ್ತು. ಆಮೇಲೆ ಲೆಕ್ಕ ಹಾಕಿದೆ. ಮಣ್ಣಿನ ಒಂದು ಕಾಳು ಅರ್ಧ ಮಿಲಿಮೀಟರ್ ಅಂತಿಟ್ಟುಕೊಳ್ಳಿ. ನನ್ನ ಜೀಪು 1/24 ಅಳತೆಯದು, ಅಂದರೆ ನಿಜವಾದ ಗಾಡಿಯ ಇಪ್ಪತ್ನಾಲ್ಕನೇ ಒಂದು ಭಾಗ. 24ರಿಂದ ಗುಣಿಸಿದರೆ 12 ಮಿಲಿಮೀಟರ್. ಜಲ್ಲಿಯೇ ಸರಿ.

ಕಾರಿನ ಕಿಟ್ ಕಟ್ಟುವ ಗೆಳೆಯರಿಗೆಲ್ಲ ನಾನು ಹೇಳಬೇಕೆಂದಿರುವುದು ಈ ಗುಣಾಕಾರದ ವಿಷಯವನ್ನೇ. ನಾವು ಸಾಮಾನು ಕೊಳ್ಳುವುದಕ್ಕೆ ಖರ್ಚು ಮಾಡುವ ಅರ್ಧದಷ್ಟು ಸಮಯವನ್ನೂ ನಿಜವಾದ ಗಾಡಿಯನ್ನು ನೋಡುವುದಕ್ಕೆ ಕೊಡುತ್ತಿಲ್ಲ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಒಂದು ಮಾತು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬಿಡಿಭಾಗಗಳು ಬರುತ್ತವೆ. ಒಂದೊಂದನ್ನೇ ಕತ್ತರಿಸಿ, ಅಚ್ಚಿನ ಗೆರೆಯನ್ನು ಉಜ್ಜಿ ತೆಗೆದು, ಜೋಡಿಸಿ, ಬಣ್ಣ ಹೊಡೆಯಬೇಕು. ಕಾರುಗಳಿಗೆ ಹೆಚ್ಚಾಗಿ ಇರುವ ಅಳತೆಗಳು 1/24 ಮತ್ತು 1/25. ಒಂದು ಅಡಿಗೆ ಅರ್ಧ ಇಂಚು ಅಂತ ಹಿಡಿದರೆ 24 ಬರುತ್ತದೆ.

ನನ್ನದು ಇಟಾಲೇರಿ ಕಂಪನಿಯ ವಿಲ್ಲೀಸ್ ಎಂಬಿ, ಎರಡನೇ ಮಹಾಯುದ್ಧದ ಜೀಪು. ಡಬ್ಬಿಯ ಮೇಲೆ ಸೈನ್ಯದ ಹಸಿರು ಬಣ್ಣ, ನಕ್ಷತ್ರ. ನನಗೆ ಬೇಕಾಗಿದ್ದದ್ದು ಮಾತ್ರ ಮಲೆನಾಡಿನ ತೋಟದ ಜೀಪು. ದೊಡ್ಡಪ್ಪನ ಮನೆಯಲ್ಲಿ ಇದ್ದದ್ದು ಮಹೀಂದ್ರದ ಹಳೇ ಸಿಜೆ-3ಬಿ. ಎರಡೂ ಒಂದೇ ವಂಶದವು, ಆದರೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಷ್ಟೊಂದು! ಯುದ್ಧದ ಜೀಪಿನ ಗ್ರಿಲ್ಲಿಗೆ 9 ಸೀಳು, ನಮ್ಮದಕ್ಕೆ 7. ಅದರ ಹೆಡ್‌ಲೈಟು ಚಿಕ್ಕದು, ಒಳಗೆ ಕೂತಿರುತ್ತದೆ, ಹಿಂದಕ್ಕೆ ಮಗುಚಿ ರಾತ್ರಿ ಎಂಜಿನ್ ರಿಪೇರಿಗೆ ಬೆಳಕು ಮಾಡಿಕೊಳ್ಳಬಹುದು. ಅದರ ಸ್ಟೆಪ್ನಿ ಹಿಂದೆ, ದೊಡ್ಡಪ್ಪನದರಲ್ಲಿ ಪಕ್ಕಕ್ಕೆ. ಅದಕ್ಕೆ ಹಿಂದೆ ಇಳಿಸುವ ಬಾಗಿಲೇ ಇಲ್ಲ, ಇಲ್ಲಿ ಕಾಫಿ ಚೀಲ ಹೇರಲು ಬಾಗಿಲು ಬೇಕೇ ಬೇಕು. ಸ್ಟೇರಿಂಗ್ ಅಲ್ಲಿ ಎಡಕ್ಕೆ, ಇಲ್ಲಿ ಬಲಕ್ಕೆ. ಸಿಜೆ-3ಬಿಯ ಎಂಜಿನ್ ಎತ್ತರದ್ದಾದ್ದರಿಂದ ಬಾನೆಟ್ಟೂ ಎತ್ತರ. ಊರಿನ ಜೀಪು ದೂರದಿಂದ ಬರುತ್ತಿದ್ದರೆ ಆ ಉಬ್ಬಿದ ಮುಖದಿಂದಲೇ ಗುರುತು ಸಿಗುತ್ತಿತ್ತು. ಇಷ್ಟನ್ನೂ ಪ್ಲಾಸ್ಟಿಕ್ ಶೀಟಿನಲ್ಲಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಗ್ರಿಲ್ ಒಂದಕ್ಕೇ ಮೂರು ಭಾನುವಾರ ಹೋಯಿತು.

ಆ ಮೂರು ಭಾನುವಾರಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತಗಡಿನ ದಪ್ಪ. ಕಿಟ್ಟಿನ ಮಡ್‌ಗಾರ್ಡ್ ಒಂದು ಮಿಲಿಮೀಟರ್ ದಪ್ಪ ಇದೆ. ಗುಣಿಸಿ ನೋಡಿ, 24 ಮಿಲಿಮೀಟರ್! ಅಷ್ಟು ದಪ್ಪದ ತಗಡಿದ್ದರೆ ಜೀಪು ಯುದ್ಧದ ಟ್ಯಾಂಕಾಗುತ್ತಿತ್ತು. ಅಚ್ಚಿನಲ್ಲಿ ಪ್ಲಾಸ್ಟಿಕ್ಕನ್ನು ಅದಕ್ಕಿಂತ ಬಹಳ ತೆಳ್ಳಗೆ ಎರೆಯುವುದು ಕಷ್ಟ, ಹಾಗಾಗಿ ತಯಾರಕರ ತಪ್ಪಲ್ಲ. ಉಪಾಯ ಇದೆ. ಅಂಚನ್ನು ಮಾತ್ರ ಒಳಗಡೆಯಿಂದ ಬ್ಲೇಡಿನಲ್ಲಿ ಹೆರೆಯುತ್ತಾ ಬಂದು, ಕೊನೆಗೆ ನೀರು ಹಚ್ಚಿದ ಎಮರಿ ಪೇಪರಿನಲ್ಲಿ ತಿಕ್ಕುವುದು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಹಾಯಬೇಕು, ಅಷ್ಟು ತೆಳ್ಳಗೆ. ಹೊರಗಿಂದ ನೋಡುವವರಿಗೆ ಕಾಣುವುದು ಆ ಅಂಚೊಂದೇ, ಆದರೆ ಇಡೀ ಗಾಡಿ ತಗಡಿನದಾಗಿಬಿಡುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಾವಿರಗಟ್ಟಲೆ ಕೊಟ್ಟು ತರಿಸುವ ಲೋಹದ ಸಣ್ಣ ಬಿಡಿಭಾಗಗಳ ಡೀಟೇಲಿಂಗ್ ಸೆಟ್ಟಿಗಿಂತ ಇದೇ ಮೇಲು ಅಂತ ನಾನು ಯಾರ ಎದುರಿಗೂ ಹೇಳುತ್ತೇನೆ.

ಸ್ಪಾರ್ಕ್ ಪ್ಲಗ್ಗಿನ ವೈರಿಗೂ ಇದೇ ಲೆಕ್ಕ. ನಿಜವಾದದ್ದು ಸುಮಾರು 7 ಮಿಲಿಮೀಟರ್ ದಪ್ಪ, 24ರಿಂದ ಭಾಗಿಸಿದರೆ 0.3. ಅಂಗಡಿಯಿಂದ ತಂದ ದಪ್ಪ ತಂತಿ ಹಾಕಿದರೆ ಎಂಜಿನ್ನಿಗೆ ನೀರಿನ ಪೈಪು ಸುತ್ತಿದ ಹಾಗೆ ಕಾಣುತ್ತದೆ. ಕಿಟ್ಟಿನ ಖಾಲಿ ಚೌಕಟ್ಟಿನ ಒಂದು ತುಂಡನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದ ತಕ್ಷಣ ಉರಿಯಿಂದ ತೆಗೆದು ಎರಡೂ ಕಡೆ ಎಳೆದರೆ ಎಂಥ ಸಣ್ಣ ಎಳೆ ಬೇಕಾದರೂ ಸಿಗುತ್ತದೆ. ಟಾರ್ಪಾಲಿಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಹೊದಿಸಿದರೆ ಸಾಕು, ಒಣಗುವಾಗ ಮಡಿಕೆಗಳು ತಾವಾಗಿಯೇ ಬೀಳುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಮಳೆಗಾಲದಲ್ಲಿ ತಿನ್ನರ್ ಬೆರೆಸುವ ಲ್ಯಾಕರ್ ಬಣ್ಣ ಮುಟ್ಟಲೇಬೇಡಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಹೊಳೆಯಬೇಕಾದ ಬಣ್ಣಕ್ಕೆ ಬಿಳಿ ಮಬ್ಬು ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ಎಂಜಿನ್, ಸೀಟು, ಚಕ್ರ ಮಾಡಿಕೊಂಡಿದ್ದು ಬಾಡಿಯ ಬಣ್ಣವನ್ನು ದಸರಾ ಕಳೆದ ಮೇಲೆ ಹೊಡೆಯುವುದು ನನ್ನ ಕ್ರಮ. ತೆಳ್ಳಗೆ ಹೊಡೆಯಿರಿ. ಬಣ್ಣದ ಪದರ 0.1 ಮಿಲಿಮೀಟರ್ ಆದರೂ ಅದು ನಿಜವಾದ ಗಾಡಿಯಲ್ಲಿ 2.4 ಮಿಲಿಮೀಟರ್ ಆದ ಹಾಗೆ.

ಇನ್ನು ಸವೆತ. ಈಗ ಎಲ್ಲರೂ ಗಾಡಿಯನ್ನು ಹಳೆಯದು ಮಾಡುವುದೇ ಕಲೆ ಅಂದುಕೊಂಡಿದ್ದಾರೆ. ಮೈತುಂಬ ಬಣ್ಣ ಎದ್ದ ಗುರುತು, ಬಾಡಿಯ ಸಂದುಗಳಲ್ಲೆಲ್ಲ ಕಪ್ಪು ಮಸಿ. ನನಗೆ ಇದು ಒಪ್ಪಿಗೆ ಇಲ್ಲ. ಒಂದು ಮಿಲಿಮೀಟರಿನ ಗುರುತು ಅಂದರೆ ಒಂದು ಇಂಚಿನಷ್ಟು ಬಣ್ಣ ಕಿತ್ತು ಬಂದಿದೆ ಎಂದರ್ಥ. ಅದು ಎಲ್ಲಿ ಕಿತ್ತಿತು, ಯಾಕೆ ಕಿತ್ತಿತು? ತೋಟದ ಜೀಪಿನಲ್ಲಿ ಡ್ರೈವರ್ ಬಾಗಿಲಿಲ್ಲದ ಕಡೆಯಿಂದ ಕಾಲು ಎತ್ತಿ ಹಾಕುವಾಗ ಉಜ್ಜುವ ಜಾಗ ಒಂದಿದೆ, ಅಲ್ಲಿ ತಗಡು ಬೆಳ್ಳಗೆ ಹೊಳೆಯುತ್ತದೆ. ಹತ್ತುವಾಗ ಕೈ ಹಿಡಿಯುವ ಗಾಜಿನ ಫ್ರೇಮಿನ ಬದಿಯಲ್ಲೂ ಹಾಗೆಯೇ. ಬಾನೆಟ್ಟಿನ ನಡುವೆ ಯಾರೂ ಕಾಲಿಡುವುದಿಲ್ಲ, ಅಲ್ಲಿ ಬಿಸಿಲಿಗೆ ಬಣ್ಣ ಮಾಸುತ್ತದೆ ಅಷ್ಟೇ. ಮಣ್ಣಿಗೂ ಈಗ ನಾನು ಬಳಸುವುದು ಚಿತ್ರ ಬರೆಯುವ ಒಣ ಪೇಸ್ಟಲ್ ಕಡ್ಡಿಯನ್ನು ಉಜ್ಜಿ ಮಾಡಿದ ಪುಡಿ, ಕೆಂಪು ಮತ್ತು ಕಂದು ಬೆರೆಸಿ.

ಜಪಾನಿನ ಶಿಝುವೊಕಾದ ತಮಿಯಾ ಕಂಪನಿ 70ರ ದಶಕದಲ್ಲಿ ಪೋರ್ಶೆ ಮಾಡೆಲ್ ಮಾಡುವಾಗ ಒಂದು ನಿಜವಾದ 911 ಕಾರನ್ನೇ ಕೊಂಡು ಬಿಚ್ಚಿ ಹಾಕಿ ನೋಡಿದ್ದರು. ನಮಗೆ ಕಾರು ಬಿಚ್ಚುವ ಯೋಗ ಇಲ್ಲದಿದ್ದರೂ ಒಂದು ಸ್ಕೇಲು, ಒಂದು ನೋಟ್‌ಬುಕ್ ಹಿಡಿದು ಗ್ಯಾರೇಜಿಗೆ ಹೋಗಬಹುದು. ಮೆಕ್ಯಾನಿಕ್‌ಗಳು ಬಹಳ ಖುಷಿಯಿಂದ ತೋರಿಸುತ್ತಾರೆ.

ಹೋದ ವಾರ ಜೀಪನ್ನು ಹತ್ತಿಯಲ್ಲಿ ಸುತ್ತಿ ಊರಿಗೆ ಒಯ್ದಿದ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಕೂತು, ತಿರುಗಿಸಿ ತಿರುಗಿಸಿ ನೋಡಿದರು. ಕಾಲು ಉಜ್ಜುವ ಜಾಗ ತಕ್ಷಣ ಗೊತ್ತಾಯಿತು, ಅಲ್ಲಿ ಉಗುರು ಇಟ್ಟು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾನೆಟ್ಟಿನ ಎಡಗಡೆ ಹುಕ್ಕು ಯಾಕೋ ಹಾಕಿದ್ದೀಯಾ? ನಮ್ಮದರದ್ದು ಯಾವಾಗಲೋ ಮುರಿದು ಹೋಗಿತ್ತಲ್ಲ, ಹಳೇ ಟ್ಯೂಬು ಕತ್ತರಿಸಿ ಕಟ್ಟಿದ್ದೆ" ಅಂದರು.

"ಎಷ್ಟು ಅಗಲದ್ದು ದೊಡ್ಡಪ್ಪ?"

ಎರಡು ಬೆರಳು ಸಂದು ಮಾಡಿ ತೋರಿಸಿದರು. ಸುಮಾರು ಒಂದು ಇಂಚು. ಮಾಡೆಲ್ಲಿನಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ. ನಿನ್ನೆ ರಾತ್ರಿ ಹುಕ್ಕು ಕತ್ತರಿಸಿ ತೆಗೆದೆ, ಕಪ್ಪು ಪಟ್ಟಿ ಅಂಟಿಸಿದ್ದೇನೆ. ಗಂಟು ಯಾವ ಕಡೆ ಬರುತ್ತಿತ್ತು ಅಂತ ಕೇಳುವುದು ಮರೆತಿದೆ, ಸಂಜೆ ಫೋನ್ ಮಾಡಬೇಕು.