ಎಲ್‌ಐಜಿ 37

ನಮ್ಮ ಮನೆಯ ಗೇಟಿಗೆ ಗ್ರಾನೈಟ್ ಫಲಕ ಹಾಕಿಸಬೇಕು ಅಂತ ಅಮ್ಮ ಹಟ ಹಿಡಿದದ್ದು ಹೋದ ವರ್ಷ ಆಟಿ ತಿಂಗಳಲ್ಲಿ. ಹಾಕಿಸಿದ್ದೂ ಆಯ್ತು. ಅಂದಿನಿಂದ ನಮ್ಮ ಜಗಲಿ ಖಾಲಿ ಇದ್ದ ದಿನ ಕಡಿಮೆ. ಆದರೆ ಫಲಕದ ಕಥೆ ಹೇಳಬೇಕಾದರೆ ಮೊದಲು ಮನೆಯ ಕಥೆ ಹೇಳಬೇಕು.

ನಮ್ಮದು ಉಡುಪಿಯ ಹೌಸಿಂಗ್ ಬೋರ್ಡ್ ಮನೆ. ಕಾಗದದಲ್ಲಿ ಅದು ಕರ್ನಾಟಕ ಗೃಹ ಮಂಡಳಿ. 1962ರ ಕಾಯ್ದೆಯಲ್ಲಿ ಹುಟ್ಟಿದ್ದು, ಕೂತಿರುವುದು ಬೆಂಗಳೂರಿನ ಕಾವೇರಿ ಭವನದಲ್ಲಿ. ಬಾಯಲ್ಲಿ ಮಾತ್ರ ಎಲ್ಲರಿಗೂ ಹೌಸಿಂಗ್ ಬೋರ್ಡೇ. ಮನೆ ಬೇಕು ಅಂತ ಬಂದವರನ್ನು ಆದಾಯ ನೋಡಿ ನಾಲ್ಕು ಪಂಕ್ತಿಯಲ್ಲಿ ಕೂರಿಸುತ್ತಾರೆ. ತೀರಾ ಕಷ್ಟದವರು ಇಡಬ್ಲ್ಯುಎಸ್. ಕಡಿಮೆ ಆದಾಯದವರು ಎಲ್‌ಐಜಿ, ನಡುವಿನವರು ಎಂಐಜಿ, ಕೈ ತುಂಬ ಇದ್ದವರು ಎಚ್‌ಐಜಿ. ನಮ್ಮದು ಎಲ್‌ಐಜಿ. ನಂಬರ್ 37.

ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಅಪ್ಪಯ್ಯ ಅರ್ಜಿ ತುಂಬಿದಾಗ ನಾನು ಏಳನೇ ಕ್ಲಾಸು. ಊರಿನವರ ಲೆಕ್ಕವೆಲ್ಲ ಬರೆಯುವ ಮನುಷ್ಯ ತನ್ನ ಲೆಕ್ಕ ಬರೆಯುವಾಗ ಎಡವಿದರು. 'ವಾರ್ಷಿಕ ಆದಾಯ' ಅಂತಿದ್ದಲ್ಲಿ ತಿಂಗಳ ಸಂಬಳ ಬರೆದು ಸಹಿ ಹಾಕಿಬಿಟ್ಟಿದ್ದರು. ಅರ್ಜಿ ತೆಗೆದುಕೊಂಡವರು ಒಮ್ಮೆ ಕಾಗದ ನೋಡಿ, ಒಮ್ಮೆ ಅಪ್ಪಯ್ಯನ ಹೊಟ್ಟೆ ನೋಡಿ, "ವರ್ಷಕ್ಕೆ ಇಷ್ಟೇ ಬಂದು ನೀವು ಹೀಗೆ ಇದ್ದೀರಲ್ಲ ಮಾರಾಯ್ರೆ, ಅದೇ ದೊಡ್ಡದು" ಅಂದರಂತೆ. ಅಲ್ಲೇ ನಿಂತು ಹನ್ನೆರಡರಿಂದ ಗುಣಿಸಿ ತಿದ್ದಿ ಕೊಟ್ಟು ಬಂದರು.

ಗುಣಿಸಿದ ಮೇಲೆ ಶುರುವಾಯಿತು ನಿಜವಾದ ಚಿಂತೆ. ಎಲ್‌ಐಜಿಯ ಮಿತಿಗೂ ಅಪ್ಪಯ್ಯನ ಸಂಬಳಕ್ಕೂ ನಡುವೆ ಉಳಿದದ್ದು ಕೂದಲೆಳೆಯಷ್ಟು ಜಾಗ. ಮುಂದೆ ಇನ್‌ಕ್ರಿಮೆಂಟ್ ಬರುವುದಿತ್ತು. ಬಂದರೆ ಎಂಐಜಿ ಪಂಕ್ತಿಗೆ ಹೋಗಬೇಕು, ಆ ಮನೆಯ ಕಂತು ನಮ್ಮ ಕೈಗೆ ಎಟುಕುವುದಿಲ್ಲ. ಕೊನೆಗೆ ಅಮ್ಮ ಆನೆಗುಡ್ಡೆ ಗಣಪತಿಗೆ ಹರಕೆ ಹೇಳಿಕೊಂಡರು, ಈ ವರ್ಷ ಒಂದು ಇವರ ಸಂಬಳ ಏರುವುದು ಬೇಡ ಅಂತ. ಇಂಥ ಹರಕೆ ಆ ಗಣಪತಿ ಹಿಂದೆ ಕೇಳಿರಲಿಕ್ಕಿಲ್ಲ. ಇನ್‌ಕ್ರಿಮೆಂಟ್ ಆ ವರ್ಷ ಬರಲಿಲ್ಲ. ಅದರ ನಂತರದ ಎರಡು ವರ್ಷವೂ ಬರಲಿಲ್ಲ. ಹರಕೆ ಹೇಳುವಾಗ 'ಈ ವರ್ಷ' ಅನ್ನುವುದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು ಅಂತ ಅಪ್ಪಯ್ಯ ಸಾಯುವವರೆಗೂ ಅಮ್ಮನಿಗೆ ಹೇಳುತ್ತಿದ್ದರು.

ಚೀಟಿ ಎತ್ತಿದರು, ನಮ್ಮ ಹೆಸರು ಬಂತು. ಮೊದಲು ಲೀಸ್ ಕಮ್ ಸೇಲ್ ಅಂತ ಒಂದು ಕರಾರು, ಕಂತೆಲ್ಲ ಮುಗಿದ ಮೇಲೆ ಕ್ರಯಪತ್ರ. ಆಗ ಉಡುಪಿ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1997ರಲ್ಲಿ ಬೇರೆ ಜಿಲ್ಲೆಯಾಯಿತು. ಇದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಎರಡೂ 2020ರಲ್ಲಿ ಹೆಸರು ಕಳಕೊಂಡವು. ಜಿಲ್ಲೆ ಬದಲಾಯಿತು, ಬ್ಯಾಂಕು ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು. ಎಲ್‌ಐಜಿ ಮಾತ್ರ ನಮ್ಮನ್ನು ಬಿಡಲಿಲ್ಲ. ಅಪ್ಪಯ್ಯನ ಆ ಒಂದು ವರ್ಷದ ಸಂಬಳ ಇವತ್ತಿಗೂ ನನ್ನ ಆಧಾರ್ ಕಾರ್ಡಿನಲ್ಲಿ ವಿಳಾಸವಾಗಿ ಕೂತಿದೆ.

ಮನೆಗಳು ಜೋಡಿ ಜೋಡಿ. 37ಕ್ಕೂ 38ಕ್ಕೂ ನಡುವೆ ಒಂದೇ ಗೋಡೆ. ಆ ಕಡೆ ಅಡುಗೆಮನೆ, ಈ ಕಡೆ ಅಡುಗೆಮನೆ. ಅಮ್ಮ ಕುಕ್ಕರ್ ಇಟ್ಟು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಹೋಗುತ್ತಿದ್ದರು. ಮೂರು ಸೀಟಿ ಕೇಳಿದರೆ ಓಡಿ ಬಂದು ಗ್ಯಾಸ್ ಆರಿಸುವುದು. ಅದರಲ್ಲಿ ಎರಡು 38ರದ್ದು ಅಂತ ಗೊತ್ತಾಗುತ್ತಿದ್ದದ್ದು ಊಟಕ್ಕೆ ಕೂತಾಗ. ಸಾರಿನ ತಳದಲ್ಲಿ ಬೇಳೆ ಜಲ್ಲಿಕಲ್ಲಿನ ಹಾಗೆ ಉರುಳುತ್ತಿತ್ತು. ಅತ್ತ 38ರ ಅಕ್ಕ ನಮ್ಮ ಸೀಟಿ ಕೇಳಿ ಅನ್ನ ಇಳಿಸುತ್ತಿದ್ದರು. ಕೊನೆಗೆ ಇಬ್ಬರೂ ಒಪ್ಪಂದ ಮಾಡಿಕೊಂಡರು. ಹನ್ನೊಂದಕ್ಕೆ ಅವರದ್ದು, ಹನ್ನೊಂದೂವರೆಗೆ ನಮ್ಮದು. ಮೂವತ್ತು ವರ್ಷದಲ್ಲಿ ಈ ಒಪ್ಪಂದ ಒಮ್ಮೆಯೂ ಮುರಿದಿಲ್ಲ. ಈಗ ಇಬ್ಬರ ಮನೆಯಲ್ಲೂ ಇಂಡಕ್ಷನ್ ಒಲೆ ಇದೆ, ಟೈಮ್ ಮಾತ್ರ ಅದೇ.

ಮೊದಮೊದಲು ಕಾಲನಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಗ್ರಿಲ್ಲು, ಅದೇ ಜಗಲಿ, ಅದೇ ಹಳದಿ ಸುಣ್ಣ. ಒಮ್ಮೆ ಹೆಬ್ರಿ ಕಡೆಯಿಂದ ನನ್ನ ಸೋದರಮಾವ ಬಂದರು. ಜೋರು ಮಳೆ, ಕರೆಂಟಿಲ್ಲ. ಹೆಗಲ ಮೇಲೆ ಹಲಸಿನಹಣ್ಣು, ಕೈಯಲ್ಲಿ ಪತ್ರೊಡೆಗೆ ಕೆಸುವಿನ ಎಲೆಯ ಕಟ್ಟು. ಬಂದವರು ನಮ್ಮ ಸಾಲು ಬಿಟ್ಟು ಹಿಂದಿನ ಸಾಲಿಗೆ ತಿರುಗಿ 47ರ ಗೇಟು ತೆಗೆದರು. ಕಾಲು ತೊಳೆದರು. ಕೊಡೆಯನ್ನು ಗ್ರಿಲ್ಲಿಗೆ ಸಿಕ್ಕಿಸಿದರು. ಹಲಸಿನಹಣ್ಣನ್ನು ಮೂಲೆಯಲ್ಲಿ ಇಳಿಸಿ, "ಉಸ್ಸಪ್ಪ" ಅಂತ ಕುರ್ಚಿಯಲ್ಲಿ ಕೂತರು.

47 ಒಬ್ಬರು ಟೀಚರಮ್ಮನ ಮನೆ. ಮಬ್ಬುಗತ್ತಲಲ್ಲಿ ಅವರು ಬಂದು ನೋಡಿದರು. ನಮ್ಮ ಕಡೆ ಜಗಲಿ ಹತ್ತಿದವರಿಗೆ ಮೊದಲು ಬೆಲ್ಲ ನೀರು. 'ನೀವು ಯಾರು' ಅನ್ನುವುದು ಆಮೇಲಿನ ಮಾತು. ಗಂಡನ ಕಡೆಯ ನೆಂಟರಿರಬೇಕು, ಕೇಳಿದರೆ ಮರ್ಯಾದೆಯಲ್ಲ ಅಂತ ಅವರು ಬೆಲ್ಲ ನೀರು ತಂದಿಟ್ಟರು. ತಂಗಿಯ ಮನೆಯಲ್ಲಿ ಯಾರೋ ನೆಂಟರ ಹೆಂಗಸು ಬಂದಿದ್ದಾರೆ, ಕೇಳಿದರೆ ಚೆನ್ನಾಗಿರುವುದಿಲ್ಲ ಅಂತ ಮಾವ ಸುಮ್ನೆ ಕುಡಿದರು. ಆಮೇಲೆ ಗೋಳಿಬಜೆ ಬಂತು. ಕಾಫಿ ಬಂತು. ಮಾವ ಮಾತಿಗೆ ಕೂತರು. ನಮ್ಮ ಅಪ್ಪಯ್ಯನ ಜಿಪುಣತನ, ಇನ್‌ಕ್ರಿಮೆಂಟಿನ ಹರಕೆ, ಅಮ್ಮನ ಮದುವೆಯಲ್ಲಿ ಪಾಯಸ ಸಾಲದೆ ಹೋದದ್ದು, ಒಂದೂ ಬಿಡಲಿಲ್ಲ. ಟೀಚರಮ್ಮ ಇದೆಲ್ಲ ತಮ್ಮ ಗಂಡನ ಮನೆತನದ ಗುಟ್ಟು ಅಂತ ಕಣ್ಣು ಬಾಯಿ ಬಿಟ್ಟು ಕೇಳಿದರು. ಒಂದು ಗಂಟೆಯಾದ ಮೇಲೆ ಅವರ ಗಂಡ ಬಂದರು. ಮಾವ ಎದ್ದು ನಿಂತು, "ಬನ್ನಿ ಬನ್ನಿ, ಕೂತ್ಕೊಳ್ಳಿ, ನಮ್ಮ ಭಾವ ಇನ್ನೂ ಬಂದಿಲ್ಲ" ಅಂತ ಅವರನ್ನೇ ಉಪಚರಿಸಿದರು.

ಆಮೇಲೆ ಮಾವನನ್ನು ಕೊಡೆ ಸಮೇತ ನಮ್ಮ ಮನೆಗೆ ತಲುಪಿಸಿದರು. ಹಲಸಿನಹಣ್ಣು 47ರಲ್ಲೇ ಉಳಿಯಿತು. ಕೇಳಿ ತರುವುದು ಹೇಗೆ? ಮೂರನೇ ದಿನ ಟೀಚರಮ್ಮ ಹತ್ತು ಕಡುಬು ಕಳುಹಿಸಿದರು. ಅದನ್ನು ತಿನ್ನುವಾಗ ಅಪ್ಪಯ್ಯ, "ಜಿಪುಣನ ಮನೆಗೆ ಕಡುಬು ಯಾಕೆ ಕಳುಹಿಸಿದರೋ" ಅಂದರು. ಮಾವ ತಲೆ ಎತ್ತಲಿಲ್ಲ.

ಈಗ ಯಾರೂ ಹಾಗೆ ದಾರಿ ತಪ್ಪುವುದಿಲ್ಲ. ಒಬ್ಬರು ಮೇಲೆ ಮಹಡಿ ಏರಿಸಿದ್ದಾರೆ, ಒಬ್ಬರು ಮುಂದೆ ಅಂಗಡಿ ತೆಗೆದಿದ್ದಾರೆ. ತಾರಸಿಗೆ ಶೀಟು ಹಾಕಿಸದ ಮನೆ ಇಲ್ಲ. ನಮ್ಮ ಮಳೆಗೆ ಯಾರು ಕಟ್ಟಿದ ತಾರಸಿಯಾದರೂ ಮೇಲೊಂದು ಟೋಪಿ ಬೇಕೇ ಬೇಕು.

ಅಡ್ರೆಸ್ಸಿನ ತೊಂದರೆ ಮಾತ್ರ ಹಾಗೇ ಉಳಿಯಿತು. ಎಲ್‌ಐಸಿಯ ವಿಭಾಗೀಯ ಕಚೇರಿ ಇರುವ ಊರು ಇದು. 'ಎಲ್‌ಐ' ಅಂತ ಬಾಯಿ ತೆರೆದರೆ ಸಾಕು, 'ಸಿ'ಯನ್ನು ಎದುರಿಗಿದ್ದವರೇ ಸೇರಿಸುತ್ತಾರೆ. ನನ್ನ ಮದುವೆ ಮಾತುಕತೆಯಲ್ಲೂ ಹಾಗೇ ಆಯಿತು. ಹುಡುಗನ ಮನೆ ಎಲ್‌ಐಸಿ ಕ್ವಾರ್ಟರ್ಸಿನಲ್ಲಿ ಅಂತ ಮಾವನವರ ಕಿವಿಗೆ ಬಿದ್ದಿತ್ತು. ನಿಶ್ಚಿತಾರ್ಥದ ದಿನ ಎಲೆ ಅಡಿಕೆ ಮೆಲ್ಲುತ್ತಾ ಮೆತ್ತಗೆ ಕೇಳಿದರು, "ಆಫೀಸರೋ, ಏಜೆಂಟೋ?" ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಹಾಗೆಂದೆ. ಅವರು ಬಹಳ ಹೊತ್ತು ಎಲೆ ಅಡಿಕೆ ಮೆಂದರು. ಅಷ್ಟರಲ್ಲಿ ಉಂಗುರ ಹಾಕಿ ಆಗಿತ್ತು, ನಾನು ಬಚಾವ್.

ಎಲ್‌ಐಜಿ ಅಂದರೆ ಮೂಗು ಮುರಿಯುತ್ತಿದ್ದವರಲ್ಲಿ ದೊಡ್ಡಪ್ಪನ ಮಗನೇ ಮೊದಲನೆಯವನು. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತಲ್ಲ, ಅದರಲ್ಲಿ ವರ್ಷಕ್ಕೆ 3ರಿಂದ 6 ಲಕ್ಷ ಆದಾಯ ಇದ್ದವರು ಎಲ್‌ಐಜಿ. ಮನೆ ಸಾಲದ ಮೊದಲ 6 ಲಕ್ಷಕ್ಕೆ ಬಡ್ಡಿಯಲ್ಲಿ ಶೇಕಡಾ 6.5 ಸರ್ಕಾರದ ಸಹಾಯಧನ ಆಗ ಸಿಗುತ್ತಿತ್ತು. ಅವನು ಸುರತ್ಕಲ್ ಹತ್ತಿರ ಫ್ಲ್ಯಾಟ್ ತೆಗೆದುಕೊಳ್ಳುತ್ತಿದ್ದ. ಒಂದು ರಾತ್ರಿ ಫೋನ್ ಮಾಡಿ, "ನೀವು ಹಳೇ ಎಲ್‌ಐಜಿಯವರಲ್ವಾ, ನಾವೂ ಎಲ್‌ಐಜಿ ಆಗುವುದು ಹೇಗೆ ಮಾರಾಯ?" ಅಂತ ಕೇಳಿದ. ಆ ಯೋಜನೆಯಲ್ಲಿ ಮನೆ ಹೆಂಗಸರ ಹೆಸರಿನಲ್ಲೂ ಇರಬೇಕು ಅಂತ ತಿಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆ ಸುಖ ನಾನು ಬಚ್ಚಿಡುವುದಿಲ್ಲ.

ಇನ್ನು ಫಲಕ. ಚೀಟಿಯಲ್ಲಿ 'ಎಲ್‌ಐಜಿ 37' ಅಂತ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದೆ. ಕಲ್ಲು ಕೊರೆಯುವವನು ಕೊರೆಯುವ ಮೊದಲು ವಾಟ್ಸಾಪಿನಲ್ಲಿ ನಮೂನೆ ಕಳುಹಿಸಿದ. ಅಂಚಿನ ಬಳ್ಳಿ ನೋಡಿದೆ. ಅಪ್ಪಯ್ಯನ ಹೆಸರಿನ ಒತ್ತಕ್ಷರ ನೋಡಿದೆ. ಇಪ್ಪತ್ತು ವರ್ಷ ಪ್ರೂಫ್ ನೋಡಿದ ಕಣ್ಣು. "ಓಕೆ" ಅಂತ ಒತ್ತಿದೆ.

ಫಲಕ ಬಂತು. ಕರೀ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ, 'ಎಲ್‌ಐಸಿ 37'.

ಅವನಿಗೆ ಫೋನ್ ಮಾಡಿದರೆ ಅವನೇ ನನ್ನನ್ನು ಸಮಾಧಾನ ಮಾಡಿದ. "ನಿಮ್ಮ ಚೀಟಿಯಲ್ಲಿ ತಪ್ಪಿತ್ತು ಸರ್. ಪಾಪ, ಗಡಿಬಿಡಿಯಲ್ಲಿ ಬರೆದಿದ್ದೀರಿ ಅಂತ ನಾನೇ ಸರಿ ಮಾಡಿದೆ. ಅದಕ್ಕೆ ಎಕ್ಸ್‌ಟ್ರಾ ಎಂತದೂ ಬೇಡ."

ಕಲ್ಲಿನಲ್ಲಿ ಕೊರೆದದ್ದನ್ನು ಒರೆಸಲಿಕ್ಕೆ ಆಗುವುದಿಲ್ಲ. ಹೊಸದು ಮಾಡಿಸೋಣ ಅಂದರೆ ಅಮ್ಮ ಒಪ್ಪುವುದಿಲ್ಲ, ದುಡ್ಡು ಕೊಟ್ಟಾಗಿದೆ. ಹೋದ ವಾರ ಒಬ್ಬರು ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಪಾಲಿಸಿ ಕಾಗದ ಸುತ್ತಿಕೊಂಡು ಬಂದು ಜಗಲಿಯಲ್ಲಿ ಕೂತರು. ಅಮ್ಮ ಬೆಲ್ಲ ನೀರು ಕೊಟ್ಟರು. ಅಷ್ಟು ದೂರದಿಂದ ಬಂದಿದ್ದಾರೆ, ಸುಮ್ನೆ ಕಳುಹಿಸುವುದು ಹೇಗೆ ಅಂತ ನನ್ನನ್ನು ಕರೆದು, "ನಿನ್ನ ಮೊಬೈಲಿನಲ್ಲೇ ಕಟ್ಟಿಬಿಡು" ಅಂದರು. ಕಟ್ಟಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿ ಕೊಟ್ಟರು, ಕೊಡೆ ತೆಗೆದುಕೊಂಡರು, ಗೇಟಿನ ಹತ್ತಿರ ಹೋಗಿ ತಿರುಗಿ ನಿಂತರು.

"ಆಚೆಮನೆಯವಳದ್ದೂ ಒಂದು ಕಟ್ಟಲಿಕ್ಕುಂಟು. ನಾಳೆ ನೀವು ಎಷ್ಟು ಗಂಟೆಗೆ ತೆಗೆಯುವುದು?"

ಒಳಗಿನಿಂದ ಅಮ್ಮನೇ ಹೇಳಿದರು, "ಹನ್ನೊಂದರ ಒಳಗೆ ಬರಲಿಕ್ಕೆ ಹೇಳಿ. ಆಮೇಲೆ ಕುಕ್ಕರ್ ಇಡುವ ಹೊತ್ತು."