ಕಪ್ ಯಾರಿಗೆ ಕೊಡೋದು?

ಊರಲ್ಲಿದ್ದಾಗ ನಾವು ನಾಲ್ಕು ಜನ ಗೆಳೆಯರು ಸೇರಿ ಬೋರ್ಡ್ ಗೇಮ್ ಮಾಡುವವರಿಗೆ ಒಂದು ಸ್ಪರ್ಧೆ ಇಟ್ಟಿದ್ದೆವು. ಮೂವರು ತೀರ್ಪುಗಾರರು, ಒಂದು ಕಪ್, ಒಂದು ಕೊನೆಯ ದಿನಾಂಕ. ಬಂದ ಆಟಗಳಲ್ಲಿ ಒಂದರ ನಿಯಮವೇ 11 ಪುಟ ಇತ್ತು. ನಿಜ ಹೇಳಬೇಕೆಂದರೆ ಅದನ್ನು ಯಾರೂ ಪೂರ್ತಿ ಓದಲಿಲ್ಲ. ಆಡಿ ನೋಡುವುದಂತೂ ದೂರದ ಮಾತು. ಕಪ್ ಒಬ್ಬರ ಮನೆಗೆ ಹೋಯಿತು. ಉಳಿದವರಿಗೆ ಯಾಕೆ ಸೋತೆವು ಅಂತಲೇ ಗೊತ್ತಾಗಲಿಲ್ಲ. ಎರಡನೇ ಸಲ ಅವರಲ್ಲಿ ಒಬ್ಬರೂ ಆಟ ಕಳಿಸಲಿಲ್ಲ.

ಕೆಲಸಕ್ಕೆಂದು ಹೊರಗೆ ಬಂದ ಮೇಲೆ ಇಲ್ಲಿನ ಹವ್ಯಾಸಿಗಳ ಗುಂಪೊಂದರ ಸ್ಪರ್ಧೆಗೆ ಸೇರಿದೆ. ಬಹುಮಾನ ಏನು ಅಂತ ಕೇಳಿದೆ. ಏನೂ ಇಲ್ಲ ಅಂದರು. ಶುಲ್ಕ? ಅದೂ ಇಲ್ಲ. ಆದರೆ ಬೇರೆಯವರ ಮೂರು ಆಟ ಆಡಿ, ಅನಿಸಿದ್ದನ್ನು ಬರೆದುಕೊಡಬೇಕು. ಕೊಡದಿದ್ದರೆ ನಮ್ಮ ಆಟ ಮತದಾನಕ್ಕೇ ಹೋಗಲ್ಲ.

ಜೊತೆಗೆ 18 ಕಾರ್ಡಿನ ಮಿತಿ. ಇದೇನು ಜಿಪುಣತನ ಅನ್ನಿಸಿತ್ತು. ಆದರೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದದ ಕಾರ್ಡುಗಳು ಒಂದು ಎ4 ಹಾಳೆಯಲ್ಲಿ 9 ಹಿಡಿಯುತ್ತವೆ. ಎರಡು ಹಾಳೆ ಪ್ರಿಂಟ್ ಹಾಕಿ ಕತ್ತರಿ ಹಿಡಿದು ಕೂತರೆ ಆಟ ಸಿದ್ಧ. ನೂರು ಕಾರ್ಡು, ಐವತ್ತು ಕಾಯಿ ಕೇಳುವ ಆಟವನ್ನು ಗುರುತು ಪರಿಚಯ ಇಲ್ಲದವರು ಯಾಕೆ ಕತ್ತರಿಸಿಕೊಂಡು ಕೂರುತ್ತಾರೆ, ಅಲ್ವಾ?

ನನ್ನ ಆಟವನ್ನು ಮೊದಲ ಸಲ ಇಬ್ಬರು ಆಡಲು ಕೂತರು. ನಿಯಮದ ಹಾಳೆ ಕೊಟ್ಟ ಮೇಲೆ ಮಾಡಿದವರು ಬಾಯಿ ಬಿಡುವಂತಿಲ್ಲ. ಎರಡನೇ ಸರದಿಯಲ್ಲೇ ಒಬ್ಬರು ಕಾರ್ಡನ್ನು ಅಡ್ಡ ಇಟ್ಟರು. ‘ಹಾಗಲ್ಲ’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಆಮೇಲೆ ಹಾಳೆ ನೋಡಿದರೆ, ಹೇಗೆ ಇಡಬೇಕು ಅಂತ ನಾನು ಬರೆದೇ ಇರಲಿಲ್ಲ! ತಮಾಷೆ ಅಂದರೆ, ಅಡ್ಡ ಇಟ್ಟ ಕಾರ್ಡು ಎರಡು ಕಾರ್ಡುಗಳಿಗೆ ತಾಗಿ ಆಟಕ್ಕೆ ರುಚಿ ಬಂತು. ಈಗ ಅದೇ ನಿಯಮ.

ಹಾಗಂತ ಇಲ್ಲಿನದೆಲ್ಲ ಚೆನ್ನ ಅಂತಲ್ಲ. ಇವರದು ವಿಪರೀತ ಮರ್ಯಾದೆ. ಆಟ ಎಷ್ಟೇ ಸಪ್ಪೆ ಇರಲಿ, ‘ತುಂಬ ಚೆನ್ನಾಗಿದೆ’ ಅಂತ ಬರೆದು ಮುಗಿಸುತ್ತಾರೆ. ಅದನ್ನಿಟ್ಟುಕೊಂಡು ಏನು ತಿದ್ದೋದು? ನಮ್ಮ ಹುಡುಗರಾಗಿದ್ದರೆ ‘ಅರ್ಧಕ್ಕೇ ನಿದ್ದೆ ಬಂತು ಕಣೋ’ ಅಂತ ಮುಖಕ್ಕೇ ಹೇಳುತ್ತಿದ್ದರು. ನನಗೆ ಅದೇ ಇಷ್ಟ. ಅರ್ಧ ಅಂದರೆ ಎಷ್ಟನೇ ಸರದಿ ಅಂತ ಕೇಳಿದರೆ ಸಾಕು, ರಿಪೇರಿ ಎಲ್ಲಿ ಅಂತ ಗೊತ್ತಾಗುತ್ತೆ. ಮತದಾನದಲ್ಲೂ ತಕರಾರಿದೆ. ಒಬ್ಬರೇ ಆಡುವ ಆಟವನ್ನು ಜಾಸ್ತಿ ಜನ ಆಡಿರುತ್ತಾರೆ, ಐದು ಜನ ಬೇಕಾದ ಆಟ ಸುಮ್ನೆ ಬಿದ್ದಿರುತ್ತದೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಈಗ ಊರಿನ ಗೆಳೆಯರ ಜೊತೆ ಮತ್ತೆ ಸ್ಪರ್ಧೆ ಶುರು ಮಾಡುವ ಮಾತು ನಡೆದಿದೆ. 18 ಕಾರ್ಡಿಗೆ ಒಪ್ಪಿದ್ದಾರೆ, ಮೂರು ಆಟದ ಷರತ್ತಿಗೂ ಒಪ್ಪಿದ್ದಾರೆ. ಕಪ್ ಬಿಡಲು ಮಾತ್ರ ತಯಾರಿಲ್ಲ. ಜರ್ಮನಿಯಲ್ಲಿ 1979ರಿಂದ ಕೊಡುತ್ತಿರುವ ‘ಶ್ಪೀಲ್ ಡೆಸ್ ಯಾರೆಸ್’, ಅಂದರೆ ‘ವರ್ಷದ ಆಟ’ ಪ್ರಶಸ್ತಿಗೇ ದುಡ್ಡಿಲ್ಲ, ಗೆದ್ದ ಆಟದ ಪೆಟ್ಟಿಗೆ ಮೇಲೆ ಒಂದು ಕೆಂಪು ಕಾಯಿಯ ಗುರುತು, ಅಷ್ಟೆ ಅಂದೆ. ‘ಆ ಗುರುತೇ ಕಪ್ ಅಲ್ವೇನೋ’ ಅಂದ ಒಬ್ಬ. ನನ್ನ ಬಾಯಿ ಕಟ್ಟಿತು. ಸರಿ, ಕಪ್ ಇರಲಿ, ಆದರೆ ಬೇರೆಯವರ ಆಟ ಎಲ್ಲರಿಗಿಂತ ಜಾಸ್ತಿ ಆಡಿದವರಿಗೆ ಕೊಡೋಣ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.