ನಿಂಬೆಹಣ್ಣಿನ ಪರಂಪರೆ

ಐತಿಹಾಸಿಕ ಪೇಟೆಯನ್ನು ಮನಸಾರೆ ಮೆಚ್ಚಬೇಕಾದರೆ ಅಲ್ಲಿ ವ್ಯಾಪಾರ ನಿಂತಿರಬೇಕು ಎಂಬುದು ಪರಂಪರೆ ಪ್ರೇಮಿಗಳ ಅಲಿಖಿತ ನಿಯಮ. ಈ ನಿಯಮಕ್ಕೆ ಹಂಪಿಯಷ್ಟು ಒಪ್ಪುವ ಊರು ಸಿಗುವುದು ಕಷ್ಟವಾದ್ದರಿಂದ, ಸ್ಥಳೀಯ ಪರಂಪರೆ ಬಳಗವೊಂದು ತನ್ನ ಒಂದು ದಿನದ ಅಧ್ಯಯನ ಪ್ರವಾಸಕ್ಕೆ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರನ್ನೇ ಆರಿಸಿಕೊಂಡಿತು. ಬೆಳಗಿನ ಅರ್ಧಭಾಗ ಬ್ಯಾನರು ಕಟ್ಟುವುದರಲ್ಲೇ ಕಳೆಯಿತು. ಪರಂಪರೆ ಉಳಿಸಿ ಎಂದು ಸಾರುವ ಆ ಬ್ಯಾನರನ್ನು ಮಂಟಪದ ಕಲ್ಲುಕಂಬಗಳಿಗೇ ಬಿಗಿಯಲಾಗಿತ್ತು.

ಅನಂತರ ಅಧ್ಯಕ್ಷರು, 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನ ವರ್ಣನೆಯನ್ನು ಭಾವುಕರಾಗಿ ಓದಿದರು. ನಗರದ ವರ್ತಕರ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ದೊರೆಯುತ್ತಿದ್ದವೆಂದು ಬರೆದ ಪಯಸ್ ಅಷ್ಟಕ್ಕೇ ನಿಲ್ಲದೆ, ಅಲ್ಲಿ ಸಂಜೆಗೊಮ್ಮೆ ನೆರೆಯುತ್ತಿದ್ದ ಸಂತೆಯಲ್ಲಿ ತಟ್ಟು ಕುದುರೆಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಕೂಡ ಮಾರಾಟವಾಗುತ್ತಿದ್ದವೆಂದು ದಾಖಲಿಸಿದ್ದಾನೆ. ನಿಂಬೆಹಣ್ಣಿನ ಪ್ರಸ್ತಾಪ ಬಂದಾಗ ಸದಸ್ಯರು ಚಪ್ಪಾಳೆ ತಟ್ಟಿದರು.

ಇದೇ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈಯಲ್ಲಿ ಬುಲ್ಡೋಜರ್ ತಂದು ಎಬ್ಬಿಸಿದ ಸಂಗತಿಯನ್ನು ಮಾತ್ರ ಯಾರೂ ಓದಲಿಲ್ಲ. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು ಸರಿಯಲ್ಲವೆಂಬುದು ನಿಜ. ಆದರೆ ಗೋಡೆಯೊಂದಿಗೆ ಪೇಟೆಯನ್ನೂ ಗುಡಿಸಿಹಾಕಿ, ಆ ಬಳಿಕ ಅದಕ್ಕೆ ಬಜಾರ್ ಎಂದೇ ಫಲಕ ಹಾಕುವ ಧೈರ್ಯ ವಿಜಯನಗರದ ಅರಸರಿಗೂ ಇದ್ದಿರಲಾರದು. 1565ರ ಯುದ್ಧದ ಬಳಿಕ ನಗರ ಹಾಳಾದದ್ದಕ್ಕೆ ಬಳಗದವರು ಎರಡು ನಿಮಿಷ ಮೌನ ಆಚರಿಸಿದರು. ಅದು ಶತ್ರುಗಳ ಕೆಲಸವಾದ್ದರಿಂದ ದುಃಖಿಸಲು ಅಡ್ಡಿಯಿರಲಿಲ್ಲ.

ಮಾತಂಗ ಬೆಟ್ಟದ ಬುಡದಲ್ಲಿರುವ, ಎದುರು ಬಸವಣ್ಣ ಎಂದು ಕರೆಯುವ ಕಲ್ಲಿನ ನಂದಿಯವರೆಗೆ ಬಿಸಿಲಿನಲ್ಲಿ ನಡೆದ ಬಳಗಕ್ಕೆ ಅಲ್ಲಿ ನಿಂಬೆ ಶರಬತ್ತು ಮಾರುತ್ತಿದ್ದ ಹೆಂಗಸೊಬ್ಬಳು ಕಂಡಳು. ಆಕೆಯ ಬಣ್ಣದ ಕೊಡೆ ಗುಂಪಿನ ಛಾಯಾಚಿತ್ರಕ್ಕೆ ಅಡ್ಡಬರುತ್ತಿದ್ದುದರಿಂದ ಅಧ್ಯಕ್ಷರು ಬಹಳ ನೊಂದುಕೊಂಡರು. "ಅಮ್ಮಾ, ಇದು ಪಾರಂಪರಿಕ ತಾಣ, ಸ್ವಲ್ಪ ಆಚೆ ಹೋಗಿ" ಎಂದು ಕಾರ್ಯದರ್ಶಿಗಳು ವಿನಯದಿಂದಲೇ ಹೇಳಿದರು. "ಹೋಗ್ತೀನ್ರೀ ಸಾಹೇಬ್ರ, ಮೊದ್ಲು ಕುಡಿದ ಲೋಟ ಕೊಡ್ರಿ" ಎಂದಳು ಆಕೆ.

ಮರಳುವ ಬಸ್ಸಿನಲ್ಲೇ ನಡೆದ ಸಭೆಯು, ಬಜಾರಿಗೆ ಜೀವಕಳೆ ತುಂಬಲು ಮಂಟಪಗಳಲ್ಲಿ ಫೈಬರಿನ ವರ್ತಕರನ್ನು ಕೂರಿಸಬೇಕೆಂದೂ, ಅವರಲ್ಲಿ ಪಯಸನ ಗೌರವಾರ್ಥ ನಿಂಬೆಹಣ್ಣು ಮಾರುವ ಒಬ್ಬ ಹೆಂಗಸು ಇರಲೇಬೇಕೆಂದೂ ಸರ್ವಾನುಮತದಿಂದ ನಿರ್ಣಯಿಸಿತು. ಅದು ಒತ್ತುವರಿಯಾಗುವುದಿಲ್ಲವೇ ಎಂಬ ಸಂದೇಹವನ್ನು ಖಜಾಂಚಿಗಳು ಎತ್ತಿದಾಗ, ಬೊಂಬೆಯು ಒಲೆ ಹಚ್ಚುವುದಿಲ್ಲ, ಬಟ್ಟೆ ಒಣಹಾಕುವುದಿಲ್ಲ, ಪರಿಹಾರವನ್ನಂತೂ ಕೇಳುವುದೇ ಇಲ್ಲ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು.